ಓದುಗರ ಪ್ರಶ್ನೆ: ಒಂದು ವರ್ಷದ ಅಧ್ಯಕ್ಷರು, ಹಲವು ವರ್ಷಗಳ ಕೆಲಸ

ಸೇವಾ ಕ್ಲಬ್ಬುಗಳ ಚಟುವಟಿಕೆ ಮತ್ತು ಸದಸ್ಯತ್ವದ ಬಗ್ಗೆ ಬಂದ ಪತ್ರಗಳಲ್ಲಿ ಏಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಉತ್ತರಿಸುತ್ತಿರುವ ನಾನು ಇಂಥದ್ದೇ ಒಂದು ಕ್ಲಬ್ಬಿನಲ್ಲಿ ಬಹುಕಾಲ ಸದಸ್ಯನಾಗಿದ್ದು, ಒಂದು ಅವಧಿಗೆ ಕಾರ್ಯದರ್ಶಿಯಾಗಿಯೂ ದುಡಿದವನು. ಆದ್ದರಿಂದ ಉತ್ತರಗಳಲ್ಲಿ ಅಭಿಮಾನವೂ ಗೊಣಗಾಟವೂ ಬೆರೆತಿದ್ದರೆ ಓದುಗರು ಮನ್ನಿಸಬೇಕು.

ಪ್ರಶ್ನೆ: ಸೇವಾ ಕ್ಲಬ್ಬೊಂದಕ್ಕೆ ಸೇರುವಂತೆ ಸಹೋದ್ಯೋಗಿಯೊಬ್ಬರು ಒತ್ತಾಯಿಸುತ್ತಿದ್ದಾರೆ. ನಾನು ಶ್ರೀಮಂತನಲ್ಲ, ಭಾಷಣಕಾರನೂ ಅಲ್ಲ. ಅಲ್ಲಿ ನನ್ನಂಥವನಿಗೆ ಏನು ಕೆಲಸವಿದೆ?
– ಒಬ್ಬ ಬ್ಯಾಂಕ್ ಉದ್ಯೋಗಿ

ಉತ್ತರ: ಲೆಕ್ಕಪತ್ರ ಬಲ್ಲವರು ಸಿಕ್ಕಿದರೆ ಯಾವ ಕ್ಲಬ್ಬೂ ಸುಲಭಕ್ಕೆ ಬಿಡುವುದಿಲ್ಲ. ಸೇರಿದ ಮರುವರ್ಷವೇ ನಿಮ್ಮನ್ನು ಖಜಾಂಚಿಯ ಕುರ್ಚಿಯಲ್ಲಿ ಕೂರಿಸಿದರೆ ಆಶ್ಚರ್ಯಪಡಬೇಡಿ.

ಈ ಕ್ಲಬ್ಬುಗಳು ಹುಟ್ಟಿದ್ದೇ ಬೇರೆ ಬೇರೆ ಕಸುಬಿನವರನ್ನು ಒಂದೆಡೆ ಸೇರಿಸುವ ಆಲೋಚನೆಯಿಂದ. 1905ರ ಫೆಬ್ರುವರಿ 23ರಂದು ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರೊಂದಿಗೆ ಮೊದಲ ಸಭೆ ನಡೆಸಿದರು. ಆ ಮೂವರಲ್ಲಿ ಒಬ್ಬರು ಗಣಿ ಎಂಜಿನಿಯರ್, ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಇನ್ನೊಬ್ಬರು ಉಡುಪು ಹೊಲಿಸಿ ಮಾರುವವರು. ಸಭೆಗಳು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ನಡೆಯುತ್ತಿದ್ದುದರಿಂದಲೇ ಸಂಸ್ಥೆಗೆ ರೋಟರಿ ಎಂಬ ಹೆಸರು ಬಂತು. ಮೊದಮೊದಲು ಅವರಿಗೆ ಬೇಕಾಗಿದ್ದುದು ಸ್ನೇಹ ಮತ್ತು ಪರಸ್ಪರ ವ್ಯಾಪಾರ. ಸೇವೆಯ ಮಾತು ಬಂದದ್ದು ಆಮೇಲೆ. ಷಿಕಾಗೋ ಕ್ಲಬ್ಬು ಊರಿಗಾಗಿ ಕೈಗೆತ್ತಿಕೊಂಡ ಮೊದಲ ಕೆಲಸ ಸಾರ್ವಜನಿಕ ಶೌಚಾಲಯಗಳನ್ನು ಕಟ್ಟಿಸುವುದಾಗಿತ್ತು ಎಂಬುದನ್ನು ಇಂದಿನ ವೇದಿಕೆಗಳಲ್ಲಿ ಯಾರೂ ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ.

ಒಂದೊಂದು ವೃತ್ತಿಗೆ ಒಬ್ಬೊಬ್ಬರು ಎಂಬ ಹಳೆಯ ನಿಯಮ ಈಗ ಸಡಿಲಗೊಂಡಿದೆಯಾದರೂ ಅದರ ಹಿಂದಿನ ಲೆಕ್ಕಾಚಾರ ಇಂದಿಗೂ ಸರಿಯಾಗಿಯೇ ಇದೆ. ರಕ್ತದಾನ ಶಿಬಿರಕ್ಕೆ ವೈದ್ಯರಷ್ಟೇ ಸಾಲದು. ಪರವಾನಗಿ ಪತ್ರ ಬರೆಯುವವರು, ಕುರ್ಚಿ ಸಾಗಿಸಲು ವಾಹನ ಕೊಡುವವರು, ದಾನಿಗಳ ಪಟ್ಟಿಯನ್ನು ತಪ್ಪಿಲ್ಲದೆ ಬರೆದಿಡುವವರು, ಸೂಜಿ ಕಂಡು ಬೆವರುವ ಹುಡುಗನ ಪಕ್ಕದಲ್ಲಿ ಕುಳಿತು ಮಾತನಾಡಿಸುವವರು, ಹೀಗೆ ಎಲ್ಲರೂ ಬೇಕು. ಹಣಕ್ಕಿಂತ ಮುಖ್ಯವಾಗಿ ನಿಮ್ಮಿಂದ ಕೇಳುವುದು ಸಮಯವನ್ನು. ಸೇರುವ ಮುನ್ನ ಅತಿಥಿಯಾಗಿ ಎರಡು ಮೂರು ಸಭೆಗಳಿಗೆ ಹೋಗಿ, ವಾರ್ಷಿಕ ಶುಲ್ಕ ಎಷ್ಟು, ಅದರ ಹೊರತಾಗಿ ಬೇರೆ ಯಾವ ವಂತಿಗೆ ಕೊಡಬೇಕಾಗುತ್ತದೆ ಎಂದು ನೇರವಾಗಿಯೇ ಕೇಳಿ. ಒಂದು ಕಾರ್ಯಕ್ರಮದ ದಿನವೂ ಹೋಗಿ, ಅದು ಮುಗಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಉಳಿಯಿರಿ. ಕುರ್ಚಿ ಮಡಚಲು ಎಷ್ಟು ಜನ ಉಳಿದಿದ್ದಾರೆ ಎಂಬುದು ಕ್ಲಬ್ಬಿನ ಬಗ್ಗೆ ಅದರ ವಾರ್ಷಿಕ ವರದಿಗಿಂತ ಹೆಚ್ಚು ತಿಳಿಸುತ್ತದೆ.

ಪ್ರಶ್ನೆ: ಶಿಬಿರ ಮಾಡುವುದು, ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳುವುದು, ಮರುದಿನ ಮರೆತುಬಿಡುವುದು – ಸೇವಾ ಕ್ಲಬ್ಬು ಎಂದರೆ ಇಷ್ಟೇ ಎಂದು ನನಗೆ ಅನ್ನಿಸುತ್ತದೆ. ತಾವು ಒಪ್ಪುವಿರಾ?
– ನಿವೃತ್ತ ಶಿಕ್ಷಕಿ

ಉತ್ತರ: ಅರ್ಧ ಒಪ್ಪುತ್ತೇನೆ, ಮೇಡಂ. ಫೋಟೋದ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಕೊಟ್ಟ ಹಣ ಎಲ್ಲಿ ಹೋಯಿತೆಂದು ದಾನಿಗಳಿಗೆ ತೋರಿಸುವುದಕ್ಕೆ ಅದೂ ಬೇಕಾಗುತ್ತದೆ. ಆದರೆ ತಾವು ಹೇಳಿದ ಮರೆವು ನಿಜ, ಮತ್ತು ಅದರ ಮೂಲ ಸದಸ್ಯರ ಮನಸ್ಸಿಗಿಂತ ಹೆಚ್ಚಾಗಿ ಕ್ಲಬ್ಬಿನ ಕ್ಯಾಲೆಂಡರಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ರೋಟರಿ, ಲಯನ್ಸ್ ಎರಡರಲ್ಲೂ ಆಡಳಿತ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಸಾಮಾನ್ಯವಾಗಿ ಪ್ರತಿವರ್ಷವೂ ಹೊಸ ಅಧ್ಯಕ್ಷರು, ಹೊಸ ಪದಾಧಿಕಾರಿಗಳು, ಹೊಸ ಘೋಷವಾಕ್ಯ. ಹನ್ನೆರಡು ತಿಂಗಳೊಳಗೆ ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ಕೆಲಸ ಮಾಡಿ ತೋರಿಸಬೇಕೆಂಬ ಆತುರ ಎಲ್ಲ ಅಧ್ಯಕ್ಷರಿಗೂ ಇರುತ್ತದೆ, ಹಿಂದಿನವರು ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಿದರೆ ಅದು ಯಾರ ಖಾತೆಗೂ ಸೇರುವುದಿಲ್ಲ.

ನಾನು ಕಾರ್ಯದರ್ಶಿಯಾಗಿದ್ದ ವರ್ಷದ ಒಂದು ಸಂಗತಿಯನ್ನೇ ಹೇಳುತ್ತೇನೆ. ಸೆಪ್ಟೆಂಬರಿನಲ್ಲೊಂದು ದಿನ, ಹಳೆಯ ಬುಲೆಟಿನ್ನುಗಳನ್ನು ಹುಡುಕುತ್ತ ಕ್ಲಬ್ಬಿನ ಬೀರು ತೆರೆದಾಗ ಕೆಳಗಿನ ಅರೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕಂಡಿತು. ಒಳಗೆ ಮೂವತ್ತೊಂದು ಕನ್ನಡಕಗಳಿದ್ದವು. ಪ್ರತಿಯೊಂದು ಡಬ್ಬಿಗೂ ರಬ್ಬರ್ ಬ್ಯಾಂಡಿನಿಂದ ಒಂದು ಚೀಟಿ ಬಿಗಿದು, ಅದರ ಮೇಲೆ ಹೆಸರು, ವಯಸ್ಸು, ಗಾಜಿನ ನಂಬರುಗಳನ್ನು ಅಚ್ಚುಕಟ್ಟಾಗಿ ಬರೆಯಲಾಗಿತ್ತು. ಒಂದು ಚೀಟಿಯಲ್ಲಿ ಮಾತ್ರ ನೀಲಿ ಶಾಯಿಯಲ್ಲಿ ಇನ್ನೊಂದು ಸಾಲಿತ್ತು: ‘ಮಗಳ ಮನೆಯಲ್ಲಿರುತ್ತಾರೆ, ಅಲ್ಲಿಗೇ ತಲುಪಿಸುವುದು.’ ಮಗಳ ಮನೆ ಎಲ್ಲಿ ಎಂಬುದನ್ನು ಬರೆದಿರಲಿಲ್ಲ.

ನಡೆದದ್ದು ಇಷ್ಟೇ. ಹಿಂದಿನ ತಂಡದವರು ಮೇ ತಿಂಗಳ ಮೊದಲ ವಾರದಲ್ಲಿ ನೇತ್ರ ತಪಾಸಣಾ ಶಿಬಿರ ನಡೆಸಿ, ಪೊರೆ ಬಂದವರಿಗೆ ಅದೇ ವಾರ ಶಸ್ತ್ರಚಿಕಿತ್ಸೆ ಮಾಡಿಸಿದ್ದರು. ಶಸ್ತ್ರಚಿಕಿತ್ಸೆಯಾದ ಕಣ್ಣು ಮಾಯ್ದು ದೃಷ್ಟಿ ಒಂದು ಸ್ಥಿತಿಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕಾಗುವುದರಿಂದ, ಕನ್ನಡಕದ ನಂಬರು ನೋಡುವುದು ಆ ನಂತರವೇ. ನಂಬರು ನೋಡಿದ್ದು ಜೂನ್ ಮಧ್ಯದಲ್ಲಿ, ಕನ್ನಡಕಗಳು ಸಿದ್ಧವಾಗಿ ಬಂದದ್ದು ಜೂನ್ ಕೊನೆಯಲ್ಲಿ, ಅಂದರೆ ಎಲ್ಲರೂ ಪದಗ್ರಹಣ ಸಮಾರಂಭದ ಸಿದ್ಧತೆಯಲ್ಲಿ ಮುಳುಗಿದ್ದ ವಾರದಲ್ಲಿ. ಹೊಸಬರು ಹಂಚುತ್ತಾರೆ ಎಂದು ಹಳಬರು ಭಾವಿಸಿದರು; ಪೆಟ್ಟಿಗೆ ಇರುವುದೇ ಹೊಸಬರಾದ ನಮಗೆ ಗೊತ್ತಿರಲಿಲ್ಲ. ಶಿಬಿರದ ದಿನದ ವರದಿ, ಚಿತ್ರಗಳು, ಶಸ್ತ್ರಚಿಕಿತ್ಸೆಗೆ ಒಳಗಾದವರ ಸಂಖ್ಯೆ ಎಲ್ಲವೂ ಆಗಲೇ ಜಿಲ್ಲಾ ಗವರ್ನರರ, ಅಂದರೆ ಸುತ್ತಲಿನ ಕ್ಲಬ್ಬುಗಳ ಮೇಲ್ವಿಚಾರಣೆ ನೋಡುವ ಪದಾಧಿಕಾರಿಯ, ಕಚೇರಿಗೆ ತಲುಪಿದ್ದವು. ಮನೆ ಮನೆ ಹುಡುಕಿ ಹಂಚಲು ನಮಗೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕೆಲವರು ಬೇರೆ ಕನ್ನಡಕ ಕೊಂಡುಕೊಂಡಿದ್ದರು, ಕೆಲವರು ಅಂದಾಜಿನ ಮೇಲೆಯೇ ಓಡಾಡುತ್ತಿದ್ದರು. ನೀಲಿ ಶಾಯಿಯ ಚೀಟಿಯ ಕನ್ನಡಕ ನಾನು ಹುದ್ದೆ ಬಿಡುವಾಗಲೂ ಬೀರುವಿನಲ್ಲೇ ಇತ್ತು.

ಇಷ್ಟು ಹೇಳಿದ ಮೇಲೂ ತಮ್ಮ ಮಾತನ್ನು ಪೂರ್ತಿ ಒಪ್ಪದಿರಲು ಕಾರಣಗಳಿವೆ. ರೋಟರಿ 1985ರಲ್ಲಿ ಪೋಲಿಯೋ ಲಸಿಕೆಯ ಕಾರ್ಯಕ್ರಮವನ್ನು ಜಗತ್ತಿನಾದ್ಯಂತ ಆರಂಭಿಸಿತು. ಅಂತರರಾಷ್ಟ್ರೀಯ ಅಧ್ಯಕ್ಷರ ಅವಧಿಯೂ ಒಂದೇ ವರ್ಷದ್ದು. ಅಂದಿನಿಂದ ಎಷ್ಟೋ ಅಧ್ಯಕ್ಷರು ಬಂದು ಹೋದರೂ ಆ ಕೆಲಸ ನಿಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವುಗಳೂ ಕೈಜೋಡಿಸಿದ 1988ರಲ್ಲಿ 125ಕ್ಕೂ ಹೆಚ್ಚು ದೇಶಗಳಲ್ಲಿ ವರ್ಷಕ್ಕೆ ಸುಮಾರು 3,50,000 ಮಂದಿಯನ್ನು ಬಾಧಿಸುತ್ತಿದ್ದ ಆ ಕಾಯಿಲೆ ಶೇಕಡ 99ಕ್ಕಿಂತ ಹೆಚ್ಚು ಇಳಿದಿದೆ. ಸಣ್ಣ ಕ್ಲಬ್ಬಿನಿಂದ ಬಂದ ಸಣ್ಣ ವಿಚಾರಕ್ಕೂ ಉದಾಹರಣೆಯಿದೆ. ಅಮೆರಿಕದ ಪಿಯೋರಿಯಾ ನಗರದಲ್ಲಿ ಅಂಧರೊಬ್ಬರು ರಸ್ತೆ ದಾಟಲಾರದೆ ನಿಂತಿದ್ದುದನ್ನು ಕಂಡ ಲಯನ್ಸ್ ಸದಸ್ಯರೊಬ್ಬರಿಗೆ, ಅವರ ಕೈಯಲ್ಲಿದ್ದ ಕಪ್ಪು ಕೋಲು ವಾಹನ ಚಾಲಕರಿಗೆ ಕಾಣುತ್ತಲೇ ಇಲ್ಲವೆಂಬುದು ಹೊಳೆಯಿತು. ಕೋಲಿಗೆ ಬಿಳಿ ಬಣ್ಣ ಬಳಿದು ಕೆಂಪು ಪಟ್ಟಿ ಹಾಕಿದರೆ ಹೇಗೆ ಎಂದು ಅವರು ಕ್ಲಬ್ಬಿನ ಮುಂದಿಟ್ಟ ಸಲಹೆಯನ್ನು ಅನುಸರಿಸಿ, ಬಿಳಿ ಕೋಲು ಹಿಡಿದವರಿಗೆ ದಾರಿ ಬಿಡಬೇಕೆಂಬ ನಿಯಮವನ್ನು ಆ ನಗರ 1930ರಲ್ಲಿ ಜಾರಿಗೆ ತಂದಿತು. ಅದಕ್ಕೆ ಐದು ವರ್ಷ ಮೊದಲು, 1925ರ ಲಯನ್ಸ್ ಸಮ್ಮೇಳನದಲ್ಲಿ ಅಂಧರ ಪರವಾಗಿ ಹೋರಾಡುವಂತೆ ಹೆಲೆನ್ ಕೆಲ್ಲರ್ ಕೇಳಿಕೊಂಡಿದ್ದರು.

ಪ್ರಶ್ನೆ: ನಾನು ಶಿಬಿರಕ್ಕೆಂದು ಕೊಟ್ಟ ದೇಣಿಗೆ ಸದಸ್ಯರ ಔತಣಕೂಟಕ್ಕೆ ಖರ್ಚಾಗುವುದಿಲ್ಲ ಎಂದು ನಂಬುವುದು ಹೇಗೆ?
– ಅಂಗಡಿ ಮಾಲೀಕರು

ಉತ್ತರ: ನಂಬುವುದಕ್ಕಿಂತ ಕೇಳುವುದು ಒಳ್ಳೆಯದು. ಕ್ರಮವಾಗಿ ನಡೆಯುವ ಕ್ಲಬ್ಬಿನಲ್ಲಿ ಎರಡು ಪ್ರತ್ಯೇಕ ಲೆಕ್ಕಗಳಿರುತ್ತವೆ. ಸದಸ್ಯರ ಶುಲ್ಕದಿಂದ ನಡೆಯುವ ಆಡಳಿತದ ಲೆಕ್ಕ ಒಂದು. ಸಭೆ, ಊಟ, ಅಂಚೆ, ಮುದ್ರಣಗಳ ಖರ್ಚು ಇದರಿಂದ. ಸಾರ್ವಜನಿಕರಿಂದ ಸಂಗ್ರಹಿಸಿದ ಹಣದ ಸೇವಾ ಲೆಕ್ಕ ಇನ್ನೊಂದು. ಅದು ಸೇವೆಗಷ್ಟೇ ಹೋಗಬೇಕು. ಆಡಳಿತದ ಲೆಕ್ಕದಲ್ಲಿ ಹಣ ಕಡಿಮೆಯಾಯಿತೆಂದು ಸೇವಾ ಲೆಕ್ಕದಿಂದ ‘ತಾತ್ಕಾಲಿಕವಾಗಿ’ ತೆಗೆದುಕೊಳ್ಳುವುದು ಎಲ್ಲ ಅನಾಹುತಗಳ ಆರಂಭ. ರಸೀದಿ ಪಡೆಯಿರಿ, ಯಾವ ಕಾರ್ಯಕ್ರಮಕ್ಕೆಂದು ಅದರಲ್ಲಿ ಬರೆಸಿ, ಕಾರ್ಯಕ್ರಮದ ನಂತರ ಖರ್ಚಿನ ವಿವರ ಕೇಳಿ. ಈ ಪ್ರಶ್ನೆಗೆ ಮುಖ ಕಪ್ಪಿಡುವ ಖಜಾಂಚಿಗೆ ಮುಂದಿನ ಸಲ ಹಣ ಕೊಡಬೇಕಾಗಿಲ್ಲ. ಮೊತ್ತ ಚಿಕ್ಕದೆಂದು ಕೇಳಲು ಸಂಕೋಚಪಡುವುದೂ ಬೇಡ. ಇಂದು ಬೃಹತ್ತಾಗಿ ಬೆಳೆದಿರುವ ರೋಟರಿ ಪ್ರತಿಷ್ಠಾನಕ್ಕೆ ಬಂದ ಮೊದಲ ದೇಣಿಗೆ 26 ಡಾಲರ್ 50 ಸೆಂಟ್ ಮಾತ್ರ.

ಪ್ರಶ್ನೆ: ಮಹಿಳೆಯರು ಪೂರ್ಣ ಸದಸ್ಯರಾಗಬಹುದೇ, ಅಥವಾ ಸದಸ್ಯರ ಪತ್ನಿಯರಿಗೆಂದು ಇರುವ ಬೇರೆ ಕ್ಲಬ್ಬಿಗೇ ಸೇರಬೇಕೇ?
– ವಕೀಲೆ

ಉತ್ತರ: ಪೂರ್ಣ ಸದಸ್ಯರಾಗಬಹುದು, ಅಧ್ಯಕ್ಷರೂ ಆಗಬಹುದು. ಆದರೆ ಈ ಬಾಗಿಲು ತಾನಾಗಿ ತೆರೆದುಕೊಂಡದ್ದಲ್ಲ, ಮತ್ತು ವಕೀಲರಾದ ತಮಗೆ ಆ ಕಥೆ ಹಿಡಿಸಬಹುದು. ಅಮೆರಿಕದ ಡುವಾರ್ಟೆ ಎಂಬ ಊರಿನ ರೋಟರಿ ಕ್ಲಬ್ಬು 1970ರ ದಶಕದ ಉತ್ತರಾರ್ಧದಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತೆಂಬ ಕಾರಣಕ್ಕೆ ಕೇಂದ್ರ ಸಂಸ್ಥೆ ಅದರ ಮಾನ್ಯತೆಯನ್ನೇ ರದ್ದುಪಡಿಸಿತು. ಆ ಸದಸ್ಯರು ತಮ್ಮನ್ನು ‘ಮಾಜಿ ರೋಟರಿ ಕ್ಲಬ್’ ಎಂದು ಕರೆದುಕೊಂಡು ಸಭೆ ನಡೆಸುತ್ತಲೇ ನ್ಯಾಯಾಲಯಕ್ಕೆ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟು ಅವರ ಪರವಾದ ತೀರ್ಪನ್ನು ಎತ್ತಿಹಿಡಿಯಿತು. ಅದೇ ವರ್ಷ ಲಯನ್ಸ್ ಸಂಸ್ಥೆಯೂ ಮಹಿಳೆಯರಿಗೆ ಸದಸ್ಯತ್ವ ಕೊಟ್ಟಿತು. ರೋಟರಿ ತನ್ನ ನಿಯಮಾವಳಿಯಿಂದ ‘ಪುರುಷ’ ಎಂಬ ಷರತ್ತನ್ನು ತೆಗೆದದ್ದು 1989ರಲ್ಲಿ. ರೋಟರಿಗೆ ಮಹಿಳೆಯೊಬ್ಬರು, ಜೆನಿಫರ್ ಜೋನ್ಸ್, ಮೊದಲ ಬಾರಿಗೆ ಅಂತರರಾಷ್ಟ್ರೀಯ ಅಧ್ಯಕ್ಷರಾದದ್ದು 2022ರಲ್ಲಿ.

ಬೇರೆ ಕ್ಲಬ್ಬು ಎಂದು ತಾವು ಹೇಳುತ್ತಿರುವುದು ಬಹುಶಃ ಇನ್ನರ್ ವೀಲ್ ಇರಬೇಕು. 1924ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮಾರ್ಗರೆಟ್ ಗೋಲ್ಡಿಂಗ್ ಆರಂಭಿಸಿದ ಆ ಸಂಸ್ಥೆಯ ಕೆಲಸಕ್ಕೆ ಅದರದ್ದೇ ಗೌರವವಿದೆ, ಅದನ್ನು ಮೆಚ್ಚಿ ಸೇರುವುದಾದರೆ ಸೇರಿ. ಮಹಿಳೆಯರಿಗೆ ಅದೊಂದೇ ದಾರಿ ಎಂದು ಯಾರಾದರೂ ಹೇಳಿದರೆ ಮಾತ್ರ ಮೇಲಿನ ತಾರೀಖುಗಳನ್ನು ಓದಿ ಹೇಳಿ.

ಪ್ರಶ್ನೆ: ಲಯನ್ಸ್ ಕ್ಲಬ್ಬಿನ ಪದಾಧಿಕಾರಿಗಳ ಪಟ್ಟಿಯಲ್ಲಿ ‘ಟೇಲ್ ಟ್ವಿಸ್ಟರ್’ ಎಂದಿತ್ತು. ಇದೇನು ಹುದ್ದೆ?
– ಕಾಲೇಜು ವಿದ್ಯಾರ್ಥಿ

ಉತ್ತರ: ಹೆಸರೇ ಹೇಳುವಂತೆ ಸಿಂಹಗಳ ಬಾಲ ತಿರುಚುವವರು. ತಡವಾಗಿ ಬಂದದ್ದು, ಲಾಂಛನದ ಪಿನ್ ಧರಿಸದಿರುವುದು ಇಂಥ ಅಪರಾಧಗಳಿಗೆ ತಮಾಷೆಯ ದಂಡ ವಸೂಲು ಮಾಡಿ ಸಭೆಯ ಬಿಗಿತವನ್ನು ಸಡಿಲಿಸುವುದು ಅವರ ಕೆಲಸ. ಸಭಾಂಗಣದ ವ್ಯವಸ್ಥೆ, ಧ್ವಜ, ಗಂಟೆ ಇತ್ಯಾದಿಗಳನ್ನು ನೋಡಿಕೊಳ್ಳುವವರು ‘ಲಯನ್ ಟೇಮರ್’. ಹಾಸ್ಯಪ್ರಜ್ಞೆ ಇಲ್ಲದವರನ್ನು ಮೊದಲನೆಯ ಹುದ್ದೆಗೆ ನೇಮಿಸಿದ ವರ್ಷ ಹಾಜರಾತಿಯೇ ಕುಸಿಯುವುದನ್ನು ನೋಡಿದ್ದೇನೆ.

ಪ್ರಶ್ನೆ: ಚುನಾವಣೆಗೆ ನಿಂತಿರುವ ಸದಸ್ಯರೊಬ್ಬರು ಕ್ಲಬ್ಬಿನ ಸಭೆಯಲ್ಲಿ ಬೆಂಬಲ ಕೇಳಬಹುದೇ?
– ಹೆಸರು ಬೇಡವೆಂದವರು

ಉತ್ತರ: ಕೂಡದು. ಸಾರ್ವಜನಿಕ ಹಿತದ ಯಾವ ವಿಷಯವನ್ನಾದರೂ ಚರ್ಚಿಸಬಹುದು, ಆದರೆ ಪಕ್ಷ ರಾಜಕೀಯ ಮತ್ತು ಮತಪಂಥಗಳ ವಾದಕ್ಕೆ ಎಡೆಯಿಲ್ಲ ಎಂದು ಲಯನ್ಸ್ ಸಂಸ್ಥೆಯ ಧ್ಯೇಯಗಳಲ್ಲಿಯೇ ಇದೆ. ರೋಟರಿಯ ನಿಲುವೂ ಅದೇ. ಅವರು ಸದಸ್ಯರಾಗಿ ಉಳಿಯಲು ಅಡ್ಡಿಯಿಲ್ಲ.

ಪ್ರಶ್ನೆ: ನಮ್ಮ ಕ್ಲಬ್ಬಿನಲ್ಲಿ ಈಗ ಹದಿನೆಂಟು ಜನರಿದ್ದೇವೆ, ಬಹುತೇಕರು ಅರವತ್ತು ದಾಟಿದವರು. ತರುಣರು ಬರುತ್ತಿಲ್ಲ. ಬರುವ ಜುಲೈಯಿಂದ ನಾನೇ ಕಾರ್ಯದರ್ಶಿ. ಮೊದಲು ಏನು ಮಾಡಲಿ?
– ಔಷಧ ವ್ಯಾಪಾರಿ

ಉತ್ತರ: ಹೊಸ ಕ್ಲಬ್ಬು ಕಟ್ಟಲು ಸಾಮಾನ್ಯವಾಗಿ ಇಪ್ಪತ್ತು ಸದಸ್ಯರು ಬೇಕೆಂದಿರುವಾಗ ಹದಿನೆಂಟು ಎಂಬುದು ಹತಾಶೆಯ ಸಂಖ್ಯೆಯಲ್ಲ. ತರುಣರು ಬರದಿರುವುದಕ್ಕೆ ಅವರಲ್ಲಿ ಸೇವಾಭಾವ ಇಲ್ಲವೆಂಬ ವಿವರಣೆಯನ್ನು ನಾನು ಒಪ್ಪುವುದಿಲ್ಲ. ವಾರದ ನಡುವೆ ಸಂಜೆಯ ಹೊತ್ತು ಮೂರು ಗಂಟೆ ಕೂರಿಸಿ, ಅದರಲ್ಲಿ ಎರಡು ಗಂಟೆ ಸ್ವಾಗತ, ಪರಿಚಯ, ವಂದನಾರ್ಪಣೆಗಳಿಗೇ ಕಳೆದರೆ ಮಗುವನ್ನು ಮನೆಯಲ್ಲಿ ಬಿಟ್ಟು ಬಂದವರು ಎರಡನೆಯ ಸಲ ಬರುವುದಿಲ್ಲ. ನಿಮ್ಮದು ರೋಟರಿ ಕ್ಲಬ್ಬಾದರೆ, ವಾರಕ್ಕೊಮ್ಮೆ ಸೇರಲೇಬೇಕೆಂಬ ಬಿಗಿಯನ್ನು 2016ರಲ್ಲಿಯೇ ಸಡಿಲಿಸಿ ತಿಂಗಳಿಗೆ ಎರಡು ಸಭೆ ಸಾಕೆಂದು ಮಾಡಿದ್ದಾರೆ, ಅದನ್ನು ಬಳಸಿಕೊಳ್ಳಿ. ರೋಟರ‍್ಯಾಕ್ಟ್, ಲಿಯೋ ಎಂಬ, ಈ ಸಂಸ್ಥೆಗಳದ್ದೇ ಯುವ ತಂಡಗಳ ಹುಡುಗರನ್ನು ಕುರ್ಚಿ ಹಾಕಲಷ್ಟೇ ಕರೆಯದೆ, ಒಂದು ಕಾರ್ಯಕ್ರಮವನ್ನು ಹಣದ ಸಮೇತ ಅವರ ಕೈಗೇ ಕೊಟ್ಟು ನೋಡಿ.

ಇನ್ನು ಕಾರ್ಯದರ್ಶಿಯ ಕೆಲಸ. ಜೂನ್ ತಿಂಗಳಲ್ಲಿಯೇ ಈಗಿನ ಕಾರ್ಯದರ್ಶಿಯೊಂದಿಗೆ ಒಂದು ಇಡೀ ಮಧ್ಯಾಹ್ನ ಕುಳಿತುಕೊಳ್ಳಿ. ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ಪತ್ರವ್ಯವಹಾರದ ಕಡತಗಳನ್ನು ಅವರು ತಾವಾಗಿಯೇ ಕೊಡುತ್ತಾರೆ. ನೀವು ಕೇಳಿ ಪಡೆಯಬೇಕಾದದ್ದು ಬೇರೆ: ಈ ವರ್ಷ ಆರಂಭವಾಗಿ ಇನ್ನೂ ಮುಗಿಯದ ಕೆಲಸಗಳು ಯಾವುವು, ಯಾರಿಗೆ ಏನು ಕೊಡುತ್ತೇವೆಂದು ಮಾತು ಕೊಟ್ಟಿದ್ದಾರೆ, ಅವರ ವಿಳಾಸವೇನು ಎಂಬ ಒಂದು ಪುಟದ ಬರಹ. ನಂತರ ಬೀರುವಿನ ಕೀಲಿ ಕೇಳಿ, ಅವರ ಎದುರಿನಲ್ಲಿಯೇ ಬಾಗಿಲು ತೆಗೆದು ಕೆಳಗಿನ ಅರೆಯವರೆಗೂ ನೋಡಿ.