ಸುತ್ತಿ, ಆದರೆ ಕಾಲು ನೆಟ್ಟಗೆ ಮಾಡಿ ಕಟ್ಟಬೇಡಿ

ಮೂರು ವಾರದ ಕೂಸಿನ ಕಾಲು ನೆಟ್ಟಗೆ ಮಾಡಿ ಬಿಗಿಯಾಗಿ ಸುತ್ತು ಅಂತ ಅತ್ತೆ ಹೇಳುತ್ತಾರೆ, ಸರಿಯೇ ಅಂತ ಕೇಳಿದ್ದೀರಿ. ಅವರ ಕಾಳಜಿ ದೊಡ್ಡದು, ಆದರೆ ಹಾಗೆ ಕಟ್ಟಿದರೆ ಸೊಂಟದ ಕೀಲು ಜಾರುವ ಅಪಾಯವಿದೆ. ಮೊಣಕಾಲು ಮಡಚಿ, ತೊಡೆ ಅಗಲಿಸಿ ಒದೆಯುವಷ್ಟು ಜಾಗ ಬಿಡಿ.

ತೆಳು ಹತ್ತಿ ಬಟ್ಟೆಯ ಒಂದು ಮೂಲೆ ಒಳಕ್ಕೆ ಮಡಚಿ, ಆ ಮಡಿಕೆ ಭುಜದ ಮಟ್ಟಕ್ಕಿರಲಿ. ಒಂದು ಬದಿ ಎದೆ ಮೇಲೆ ತಂದು ಬೆನ್ನಡಿ ಸಿಕ್ಕಿಸಿ, ಆಮೇಲೆ ಇನ್ನೊಂದು. ಎದೆಯ ಬಳಿ ಎರಡು ಬೆರಳು ತೂರಬೇಕು. ತೀರಾ ಸಡಿಲವಾದರೂ ಕಷ್ಟವೇ, ಬಟ್ಟೆ ಮೇಲೆ ಸರಿದು ಮೂಗು ಮುಚ್ಚುತ್ತದೆ. ಯಾವಾಗಲೂ ಅಂಗಾತವೇ ಮಲಗಿಸಿ.

ಬೆಂಗಳೂರಿನ ಏಪ್ರಿಲ್ ಸೆಕೆಗೆ ಒಂದೇ ಪದರ ಸಾಕು, ಮಲಗುವಾಗ ಕುಲಾವಿ ಬೇಡ. ಕತ್ತಿನ ಹಿಂದೆ ಬೆವರಿದ್ದರೆ ಬಿಚ್ಚಿಬಿಡಿ. ಮಗು ಮಗ್ಗುಲಾಗಲು ಯತ್ನಿಸಿದ ದಿನವೇ ಸುತ್ತುವುದನ್ನು ನಿಲ್ಲಿಸಿ. ಕೆಲವಕ್ಕೆ ಅದು ಎರಡು ತಿಂಗಳಿಗೇ ಬರುತ್ತದೆ.