ಜೇಸನ್ ಟಾಡ್‌ನ ಕಥೆಯನ್ನು ಎಲ್ಲಿಂದ ಆರಂಭಿಸಬೇಕು?

ಬ್ಯಾಟ್‌ಮನ್‌ನ ಎರಡನೆಯ ರಾಬಿನ್, ಅಂದರೆ ಅವನ ಕಿರಿಯ ಜೊತೆಗಾರ, ಆದ ಜೇಸನ್ ಟಾಡ್‌ನ ದುರಂತವು ಕಾಮಿಕ್ಸ್, ಅನಿಮೇಷನ್, ವಿಡಿಯೋ ಗೇಮ್ ಎಂದು ಹಲವು ರೂಪಗಳಲ್ಲಿರುವುದರಿಂದ ಯಾವುದನ್ನು ಮೊದಲು ಹಿಡಿಯಬೇಕು ಎಂದು ಕೇಳಿದ್ದೀರಿ. ಅವನು ಸಾಯುವುದು ಮೊದಲೇ ತಿಳಿದುಹೋಗಿದೆಯಲ್ಲ, ಇನ್ನು ಸ್ವಾರಸ್ಯವೇನು ಉಳಿದೀತು ಎಂಬ ಅಳುಕೂ ನಿಮ್ಮ ಪ್ರಶ್ನೆಯಲ್ಲಿದೆ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲವೆಂದು ತಿಳಿದೇ ನಾವು ಕುಮಾರವ್ಯಾಸನ ದ್ರೋಣಪರ್ವವನ್ನು ಓದುತ್ತೇವೆ. ಆದ್ದರಿಂದ ಆ ಅಳುಕು ಬೇಡ. ಆದರೆ ಸಾವಿನ ನಂತರದ ತಿರುವು ನಿಮಗೆ ತಿಳಿದಿಲ್ಲದಿದ್ದರೆ, ನನ್ನ ಉತ್ತರದ ಮೂರನೆಯ ಪ್ಯಾರಾಕ್ಕೆ ಹೋಗುವ ಮೊದಲು ಕಾಮಿಕ್ಸ್ ಓದಿ ಬನ್ನಿ.

ಆರಂಭ ಕಾಮಿಕ್ಸ್‌ನಿಂದಲೇ ಆಗಬೇಕು. ಜಿಮ್ ಸ್ಟಾರ್ಲಿನ್ ಬರೆದು ಜಿಮ್ ಅಪರೋ ಚಿತ್ರಿಸಿದ 'ಎ ಡೆತ್ ಇನ್ ದಿ ಫ್ಯಾಮಿಲಿ' 1988ರಲ್ಲಿ ಬ್ಯಾಟ್‌ಮನ್ ಪತ್ರಿಕೆಯ 426ನೆಯ ಸಂಚಿಕೆಯಿಂದ 429ರವರೆಗೆ ಬಂದಿತು. ಹೆತ್ತ ತಾಯಿಯನ್ನು ಹುಡುಕುತ್ತಾ ಇಥಿಯೋಪಿಯಾದವರೆಗೆ ಹೋಗುವ ಜೇಸನ್‌ನನ್ನು ಆಕೆಯೇ ಬ್ಯಾಟ್‌ಮನ್‌ನ ಕಡುವೈರಿ ಜೋಕರ್‌ನ ಕೈಗೆ ಒಪ್ಪಿಸುತ್ತಾಳೆ. ಜೋಕರ್ ಕಬ್ಬಿಣದ ಸಲಾಕೆಯಿಂದ ಹುಡುಗನನ್ನು ಬಡಿಯುತ್ತಿರುವಾಗ ಆ ತಾಯಿ ಮುಖ ತಿರುಗಿಸಿ ಸಿಗರೇಟು ಹಚ್ಚುತ್ತಾಳೆ. ಕೊನೆಗೆ ಜೋಕರ್ ಆಕೆಯನ್ನೂ ಕಟ್ಟಿಹಾಕಿ ಬಾಂಬ್ ಇಟ್ಟು ಹೋಗುತ್ತಾನೆ. ಇಷ್ಟೆಲ್ಲ ಆದ ಮೇಲೂ ಜೇಸನ್ ಆಕೆಯ ಕಟ್ಟು ಬಿಚ್ಚುತ್ತಾನೆ, ಬಾಂಬ್ ಸಿಡಿಯುತ್ತದೆ, 427ನೆಯ ಸಂಚಿಕೆ ಅಲ್ಲಿಗೆ ನಿಲ್ಲುತ್ತದೆ. ಅದರ ಕೊನೆಯಲ್ಲಿ ಪ್ರಕಾಶಕರು ಎರಡು ದೂರವಾಣಿ ಸಂಖ್ಯೆಗಳನ್ನು ಕೊಟ್ಟಿದ್ದರು: ರಾಬಿನ್ ಬದುಕಲಿ ಎನ್ನುವವರಿಗೆ ಒಂದು, ಸಾಯಲಿ ಎನ್ನುವವರಿಗೆ ಇನ್ನೊಂದು, ಕರೆಗೆ 50 ಸೆಂಟ್. ಮೂವತ್ತಾರು ಗಂಟೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕರೆಗಳು ಬಂದವು. ಸಾಯಲಿ ಎಂದವರು 5343, ಬದುಕಲಿ ಎಂದವರು 5271. ಒಬ್ಬರೇ ಎಷ್ಟು ಸಲ ಕರೆ ಮಾಡಿದರೂ ತಡೆಯುವವರಿರಲಿಲ್ಲ ಎಂಬುದನ್ನು ನೆನೆದರೆ ಆ 72ರ ಅಂತರ ಇನ್ನಷ್ಟು ಕಸಿವಿಸಿ ಹುಟ್ಟಿಸುತ್ತದೆ. ಈಗ ನಾಲ್ಕೂ ಸಂಚಿಕೆಗಳು ಒಂದೇ ಸಂಪುಟದಲ್ಲಿ ಸಿಗುವುದರಿಂದ ಪುಟ ಮಗುಚಿದ ಕೂಡಲೇ ತೀರ್ಪು ಕಣ್ಣಿಗೆ ಬೀಳುತ್ತದೆ. ನಾನು ಹಾಗೆಯೇ ಒಂದೇ ಸಂಜೆಯಲ್ಲಿ ಓದಿ ಮುಗಿಸಿದೆ, ಅದು ನನ್ನ ತಪ್ಪು. ನೀವು ಸ್ಫೋಟದ ಬಳಿ ಪುಸ್ತಕ ಮುಚ್ಚಿ, ಒಂದು ದಿನ ಬಿಟ್ಟು, ನಿಮ್ಮ ಮತ ಯಾವ ಕಡೆಗೆಂದು ಪ್ರಾಮಾಣಿಕವಾಗಿ ನಿರ್ಧರಿಸಿಕೊಂಡ ನಂತರವೇ ಮುಂದಕ್ಕೆ ಹೋಗಿ. ಕೊನೆಯ ಸಂಚಿಕೆಯಲ್ಲಿ ಜೋಕರ್ ವಿಶ್ವಸಂಸ್ಥೆಯಲ್ಲಿ ಇರಾನಿನ ಪ್ರತಿನಿಧಿಯಾಗಿ ಬರುವ ಭಾಗವನ್ನು ಮಾತ್ರ ಸಹಿಸಿಕೊಳ್ಳಬೇಕು. ಅದು ಆಗಲೂ ಹಾಸ್ಯಾಸ್ಪದವಾಗಿಯೇ ಇದ್ದಿರಬೇಕು.

ಎರಡನೆಯದಾಗಿ 2010ರ ಅನಿಮೇಷನ್ ಚಿತ್ರ 'ಅಂಡರ್ ದಿ ರೆಡ್ ಹುಡ್' ನೋಡಿ. ಸತ್ತ ಜೇಸನ್ ಮರಳಿ ಬಂದು ಬ್ಯಾಟ್‌ಮನ್‌ನ ನಗರವಾದ ಗಾಥಮ್‌ನ ಅಪರಾಧ ಲೋಕವನ್ನು ಕೈವಶ ಮಾಡಿಕೊಳ್ಳುವ ಈ ಕಥೆಯನ್ನು ಕಾಮಿಕ್ಸ್‌ನಲ್ಲಿ ಬರೆದ ಜುಡ್ ವಿನಿಕ್ ಅವರೇ ಚಿತ್ರಕಥೆಯನ್ನೂ ಬರೆದಿದ್ದಾರೆ, ಮತ್ತು ನನ್ನ ದೃಷ್ಟಿಯಲ್ಲಿ ಎರಡನೆಯ ಸಲ ಇನ್ನೂ ಚೆನ್ನಾಗಿ ಬರೆದಿದ್ದಾರೆ. ಕಾಮಿಕ್ಸ್‌ನಲ್ಲಿ ಅವನು ಜೀವ ತಳೆಯಲು ಬೇರೊಂದು ಕಥೆಯ ಸೂಪರ್‌ಬಾಯ್-ಪ್ರೈಮ್ ಎಂಬ ಮಹಾಬಲಶಾಲಿ ಪಾತ್ರ ವಾಸ್ತವದ ಗೋಡೆಗೆ ಗುದ್ದಬೇಕಾಗುತ್ತದೆ. ಚಿತ್ರದಲ್ಲಿ ಬ್ಯಾಟ್‌ಮನ್‌ನ ಇನ್ನೊಬ್ಬ ಶತ್ರು ರಾಸ್ ಅಲ್ ಗುಲ್‌ನ ಪಶ್ಚಾತ್ತಾಪ ಆ ಕೆಲಸ ಮಾಡುತ್ತದೆ, ಅದು ನಂಬುವಂತಿದೆ. ಆದರೆ ಚಿತ್ರದಲ್ಲಿ ತಾಯಿಯೇ ಇಲ್ಲ. ಹಾಗಾಗಿ ನೋವಿನ ಪೂರ್ಣ ಭಾರ ತಂದೆಯ ಸ್ಥಾನದಲ್ಲಿರುವ ಬ್ಯಾಟ್‌ಮನ್‌ನ ಮೇಲೆ ಬೀಳುತ್ತದೆ: ತನ್ನನ್ನು ಕಾಪಾಡಲಾಗದಿದ್ದುದನ್ನು ಜೇಸನ್ ಕ್ಷಮಿಸುತ್ತಾನೆ, ಜೋಕರ್ ಇನ್ನೂ ಉಸಿರಾಡುತ್ತಿರುವುದನ್ನು ಕ್ಷಮಿಸುವುದಿಲ್ಲ. ಸಲಾಕೆಯ ಏಟಿನ ಸದ್ದು ಕಿವಿಗೆ ಬೀಳುವುದೂ ಇಲ್ಲಿಯೇ. ಅಪರೋ ಅವರ ಚಿತ್ರಗಳಲ್ಲಿ ಆ ಏಟುಗಳನ್ನು ನಾವೇ ಕಲ್ಪಿಸಿಕೊಳ್ಳಬೇಕಿತ್ತು.

2015ರ ಗೇಮ್ 'ಬ್ಯಾಟ್‌ಮನ್: ಆರ್ಕಮ್ ನೈಟ್' ಕಥೆಯನ್ನೇ ಬದಲಿಸುತ್ತದೆ. ಅಲ್ಲಿ ಜೇಸನ್ ಸತ್ತಿರುವುದಿಲ್ಲ, ಜೋಕರ್‌ನ ಸೆರೆಯಲ್ಲಿ ಬಹುಕಾಲ ಚಿತ್ರಹಿಂಸೆ ಅನುಭವಿಸಿರುತ್ತಾನೆ, ಬ್ಯಾಟ್‌ಮನ್ ಮಾತ್ರ ಅವನು ಸತ್ತನೆಂದೇ ನಂಬಿರುತ್ತಾನೆ. ಆ ಹಿಂಸೆಯ ದೃಶ್ಯಗಳು ಬ್ಯಾಟ್‌ಮನ್‌ನ ಭ್ರಮೆಯಲ್ಲಿ ತೆರೆದುಕೊಳ್ಳುವಾಗ ಕಂಟ್ರೋಲರ್ ನಿಮ್ಮ ಕೈಯಲ್ಲೇ ಇರುತ್ತದೆ, ಆದರೂ ನೋಡುತ್ತಾ ನಿಲ್ಲುವುದನ್ನು ಬಿಟ್ಟು ಬೇರೇನೂ ಮಾಡಲಾಗುವುದಿಲ್ಲ. ಆಟದ ಅಭ್ಯಾಸವಿಲ್ಲದಿದ್ದರೆ ಇದನ್ನು ಬಿಡಬಹುದು.

2020ರ 'ಬ್ಯಾಟ್‌ಮನ್: ಡೆತ್ ಇನ್ ದಿ ಫ್ಯಾಮಿಲಿ' ಎಂಬ ಕಿರುಚಿತ್ರ ಹಳೆಯ ಮತದಾನವನ್ನು ರಿಮೋಟ್‌ಗೆ ತಂದಿತು. ರಾಬಿನ್ ಸಾಯುವುದು, ಸಾವನ್ನು ವಂಚಿಸುವುದು, ಬ್ಯಾಟ್‌ಮನ್ ಅವನನ್ನು ಉಳಿಸುವುದು, ಈ ಮೂರರಲ್ಲಿ ಒಂದನ್ನು ನೋಡುಗರೇ ಆರಿಸಬೇಕು. ಆಯ್ಕೆಯ ಸೌಲಭ್ಯ ಬೇಕೆಂದರೆ ಬ್ಲೂ-ರೇ ಡಿಸ್ಕನ್ನೇ ಹುಡುಕಿ. ದೃಶ್ಯಗಳಲ್ಲಿ ಬಹಳಷ್ಟು 2010ರ ಚಿತ್ರದಿಂದಲೇ ಎತ್ತಿಕೊಂಡವು, ಆದ್ದರಿಂದ ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ಬೇಸರ ಬಂದೀತು.

ಎಲ್ಲ ಮುಗಿದ ಮೇಲೆ 428ನೆಯ ಸಂಚಿಕೆಯ 'ರಾಬಿನ್ ಲಿವ್ಸ್' ಆವೃತ್ತಿಯನ್ನು ತೆರೆಯಿರಿ; ಪ್ರಕಾಶಕರು ಅದನ್ನು 2023ರ ಡಿಸೆಂಬರಿನಲ್ಲಿ ಹೊರತಂದರು. ಮತ ಯಾವ ಕಡೆ ಬಿದ್ದರೂ ಸಂಚಿಕೆ ಸಿದ್ಧವಿರಬೇಕೆಂದು ಅಪರೋ ಎರಡೂ ಬಗೆಯ ಪುಟಗಳನ್ನು ಆಗಲೇ ಚಿತ್ರಿಸಿಟ್ಟಿದ್ದರು. ಜೇಸನ್ ಬದುಕಿರುವ ಆ ಪುಟಗಳು ಮೂವತ್ತೈದು ವರ್ಷಗಳ ನಂತರ ಕಥೆಯೊಳಗಿನ ತಮ್ಮ ಜಾಗಕ್ಕೆ ಬಂದು ಕುಳಿತಿವೆ.