ಬಿ.ಎಂ.ಟಿ.ಸಿ.ಗೆ ಚುಕ್ಕಿ ಇದ್ದರೆ ಬೆಸ್ಕಾಂಗೆ ಯಾಕಿಲ್ಲ?

ಮೊಟಕು ಹೆಸರುಗಳಿಗೆ ಎಲ್ಲಿ ಚುಕ್ಕಿ ಇಡಬೇಕು ಅನ್ನೋದು ನಿಮ್ಮ ಪ್ರಶ್ನೆ. ನಿಮ್ಮ ಲೇಖನದಲ್ಲಿದ್ದ ‘ಬೆ.ಸ್.ಕಾಂ.’ ಅನ್ನು ‘ಬೆಸ್ಕಾಂ’ ಅಂತ ತಿದ್ದಿದ್ದು ಸರಿಯೇ. ಬೆಂಗಳೂರಿನ ಬಸ್ ಸಂಸ್ಥೆ ಬಿ.ಎಂ.ಟಿ.ಸಿ.ಯನ್ನೂ ವಿದ್ಯುತ್ ಕಂಪನಿ ಬೆಸ್ಕಾಂ ಅನ್ನೂ ಒಂದೇ ಬುಟ್ಟಿಗೆ ಹಾಕಿದ್ದರಿಂದ ನಿಮಗೆ ಗೊಂದಲವಾಗಿದೆ ಅನಿಸುತ್ತದೆ.

ಮೊದಲು ಜೋರಾಗಿ ಓದಿ ನೋಡಿ. ಬಿ, ಎಂ, ಟಿ, ಸಿ ಅಂತ ಬಿಡಿಬಿಡಿಯಾಗಿ ಹೇಳುತ್ತೀರಿ. ಅಲ್ಲಿ ಚುಕ್ಕಿ ಇಡಬಹುದು, ಬಿಡಲೂಬಹುದು. ಬೆಸ್ಕಾಂ, ಇಸ್ರೋ ಒಂದೇ ಉಸಿರಿಗೆ ಪದವಾಗಿ ಬರುತ್ತವೆ, ಅಲ್ವಾ? ಅವಕ್ಕೆ ಚುಕ್ಕಿ ಬೇಡ. ‘ಡಾ.’, ‘ಕಿ.ಮೀ.’ ಬೇರೆಯೇ ಜಾತಿ. ಬರೆಯುವಾಗ ಮಾತ್ರ ಮೊಟಕು, ಓದುವಾಗ ಪೂರ್ತಿ ಡಾಕ್ಟರ್, ಕಿಲೋಮೀಟರ್.

ಆಮೇಲೆ, ಪೂರ್ತಿ ರೂಪ ಜನರಿಗೆ ನೆನಪಿದೆಯಾ ನೋಡಿ. ‘ಎರಡು ಸಿಮ್ಮು ಹಾಕಿದ್ದೀನಿ’ ಅನ್ನುವವರಿಗೆ ಸಬ್‌ಸ್ಕ್ರೈಬರ್ ಐಡೆಂಟಿಟಿ ಮಾಡ್ಯೂಲ್ ಯಾಕೆ ಬೇಕು? ಕೊನೆಗೆ ಉಕಾರ ಹತ್ತಿತು ಅಂದರೆ ಅದು ನಮ್ಮ ಮಾತೇ ಆಯಿತು. ಲೇಸರ್, ರಾಡಾರ್ ಕೂಡ ಹೀಗೇ ಇಂಗ್ಲಿಷ್ ಮೊಟಕುಗಳಾಗಿ ಹುಟ್ಟಿದವು. ‘ಪಿನ್ ನಂಬರ್’ ಅನ್ನುವಾಗ ಪಿನ್ನಿನೊಳಗೆ (ಪರ್ಸನಲ್ ಐಡೆಂಟಿಫಿಕೇಷನ್ ನಂಬರ್) ಆಗಲೇ ಒಂದು ನಂಬರ್ ಕೂತಿದೆ ಅನ್ನೋದೂ ಮರೆತಿರುತ್ತದೆ!

ಕನ್ನಡದ್ದೇ ಬೇಕೆಂದರೆ ಕುವೆಂಪು: ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ. ನಮ್ಮ ಲಿಪಿಯಲ್ಲಿ ಮೊದಲಕ್ಷರ ಸ್ವರದ ಸಮೇತ ಬರುತ್ತದೆ. ಹಾಗಾಗಿ ಜೋಡಿಸಿದರೆ ಸಾಕು, ಬಾಯಿಗೆ ಸಿಗುತ್ತದೆ. ಮೈಸೂರಿನ ಕುವೆಂಪುನಗರಕ್ಕೆ ಯಾರೂ ಚುಕ್ಕಿ ಹಾಕುವುದಿಲ್ಲ.

ಗೊಂದಲ ಇರುವುದು ಕಸಾಪ, ಅಂದರೆ ಕನ್ನಡ ಸಾಹಿತ್ಯ ಪರಿಷತ್ತು, ಇಂಥವುಗಳಲ್ಲಿ. ಕ.ಸಾ.ಪ. ಅಂತಲೂ ಬರೆಯುತ್ತಾರೆ, ಎರಡೂ ನಡೆಯುತ್ತದೆ. ನಾನಾದರೆ ಚುಕ್ಕಿ ಬಿಡುತ್ತೇನೆ, ‘ಕಸಾಪದಲ್ಲಿ’ ಅಂತ ವಿಭಕ್ತಿ ಹಚ್ಚಲು ಸಲೀಸು. ಯಾವುದಾದರೂ ಒಂದನ್ನು ಹಿಡಿದು ಲೇಖನದ ಉದ್ದಕ್ಕೂ ಅದನ್ನೇ ಬಳಸಿ.